ಕೊಳದ ಜೊಂಡಿನಲ್ಲಿ ನಾಲ್ಕು ಸೆಕೆಂಡು

ಕಂಡದ್ದನ್ನು ಕಂಡಷ್ಟೇ ಹೇಳಬೇಕು ಎನ್ನುವ ಮಾತು ಕೇಳಲು ಚೆನ್ನಾಗಿದೆ. ತೊಂದರೆ ಏನೆಂದರೆ, ಹಾಗೆ ಹೇಳುವವನಿಂದ ಯಾರಿಗೂ ಉಪಯೋಗವಿಲ್ಲ. ಇದನ್ನು ನಾನು ದೂರಿನಂತೆ ಹೇಳುತ್ತಿಲ್ಲ, ತಪ್ಪೊಪ್ಪಿಗೆಯಂತೆ ಹೇಳುತ್ತಿದ್ದೇನೆ. ಠಾಣೆ ಊರಿನ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ತಪಾಸಣೆ ವಿಭಾಗದಲ್ಲಿದ್ದೇನೆ. ಪಂಪಿನ ಶಾಫ್ಟುಗಳನ್ನು ಅಳೆದು ಅವಕ್ಕೆ ಚೀಟಿ ಕಟ್ಟುವುದು ನನ್ನ ಕೆಲಸ. ಸರಿ ಇದ್ದರೆ ಹಸಿರು ಚೀಟಿ, ಕೆಟ್ಟಿದ್ದರೆ ಕೆಂಪು. ಹಾಗೂ ಹೇಳಲಾಗದೆ ಹೀಗೂ ಹೇಳಲಾಗದೆ ಹೋದರೆ ಹಳದಿ. ಹಳದಿಯ ಮೇಲೆ ‘ಹೋಲ್ಡ್’ ಎಂದು ಅಚ್ಚು ಹಾಕಿರುತ್ತಾರೆ. ಇಡೀ ವಿಭಾಗದಲ್ಲಿ ಹಳದಿ ಚೀಟಿಯ ಕಟ್ಟು ಎಲ್ಲರಿಗಿಂತ ಮೊದಲು ಮುಗಿಯುವುದು ನನ್ನದು. “ರಾವ್, ಹೆಣ್ಣು ನೋಡೋಕೆ ಹೋದಾಗ ಯಾವ ಚೀಟಿ ಕಟ್ಟಿ ಬಂದಿದ್ರಿ?” ಎಂದು ಒಮ್ಮೆ ಮ್ಯಾನೇಜರರು ಎಲ್ಲರ ಮುಂದೆ ಕೇಳಿದರು. ನೆನಪು ಮಾಡಿಕೊಳ್ಳಲು ನಾನು ಒಂದು ದಿನದ ಸಮಯ ಕೇಳಿದೆ. ಅವರು ನಕ್ಕರು. ನನ್ನ ಹೆಂಡತಿ ವಿಜಯ, ಈ ಸಂಗತಿ ಗೊತ್ತಾದ ಮೇಲೆ, ನಗಲಿಲ್ಲ. ಸಾರಿಗೆ ಉಪ್ಪು ಸರಿಯಾಗಿದೆಯಾ ಎಂದು ಅವಳು ಕೇಳಿದರೆ, ಯಾವ ತುತ್ತಿನಲ್ಲಿ ಎಂದು ನಾನು ಕೇಳುತ್ತೇನಂತೆ. “ನಿಮ್ಮನ್ನ ಒಂದು ಮಾತು ಕೇಳೋದೂ ಒಂದೇ, ನಾನೇ ಎದ್ದು ಹೋಗಿ ನೋಡೋದೂ ಒಂದೇ” ಎಂದು ಅವಳು ಮೈಸೂರಿನಲ್ಲಿರುವ ತನ್ನ ಅಕ್ಕನಿಗೆ ಫೋನಿನಲ್ಲಿ ಹೇಳುವುದನ್ನು ನಾನು ಎರಡು ಸಲ ಕೇಳಿಸಿಕೊಂಡಿದ್ದೇನೆ. ಮೂರನೆಯ ಸಲವೂ ಕೇಳಿಸಿರಬಹುದು, ಆದರೆ ಆಗ ಮಿಕ್ಸಿ ತಿರುಗುತ್ತಿತ್ತು.

ಇಂಥ ನಾನು ಒಂದು ಸಾರ್ವಜನಿಕ ಉದ್ಯಾನದ ಕೊಳದ ವಿಷಯದಲ್ಲಿ ಸಾಕ್ಷಿಯಾಗಬೇಕಾಗಿ ಬಂತು. ನಮ್ಮ ಕಟ್ಟಡದಿಂದ ಏಳು ನಿಮಿಷ ನಡೆದರೆ ಆ ಉದ್ಯಾನ. ಕೊಳದ ನಡುವೆ ಒಂದು ಕಾರಂಜಿ ಇದೆ. ಇದೆ ಎನ್ನುವುದು ಹಳಬರಿಗೆ ಮಾತ್ರ ಗೊತ್ತು, ಏಕೆಂದರೆ ಈಗ ಅದು ಕಾಣಿಸುವುದಿಲ್ಲ. ಸುತ್ತ ಜೊಂಡು ಬೆಳೆದು ಆಳೆತ್ತರವಾಗಿದೆ. ತುದಿಯಲ್ಲಿ, ಕೆಂಡದಲ್ಲಿ ಸುಟ್ಟ ಮೆಕ್ಕೆಜೋಳದ ತೆನೆಯಂತೆ ಕಂದು ಬಣ್ಣದ ಕೊಂಡೆ. ಬೆಳಿಗ್ಗೆ ಆರಕ್ಕೆ ಕಾವಲುಗಾರ ಗುಂಡಿ ಒತ್ತಿದಾಗ ಜೊಂಡಿನ ಒಳಗಿನಿಂದ ಯಾರೋ ಸ್ನಾನ ಮಾಡುತ್ತಿರುವ ಸದ್ದು ಕೇಳುತ್ತದೆ. ಹೊಸದಾಗಿ ವಾಕಿಂಗಿಗೆ ಬಂದ ಹೆಂಗಸರು ಸಂಕೋಚದಿಂದ ಮುಖ ತಿರುಗಿಸಿಕೊಳ್ಳುವುದನ್ನು ನಾನೇ ನೋಡಿದ್ದೇನೆ. ವಾಕಿಂಗಿನವರಿಗೆಲ್ಲ ಹಿರಿಯರು ಸಾವಂತ ಕಾಕಾ. ನಿವೃತ್ತರು, ಎತ್ತರದ ಆಸಾಮಿ, ಯಾವುದರಲ್ಲೂ ಅನುಮಾನವಿಲ್ಲದವರು. ಕಾರಂಜಿ ಕಾಣುವಂತೆ ಅವರೇ ಹಾಕಿಸಿದ ಬೆಂಚೊಂದು ಅಲ್ಲಿದೆ. ಅದರ ಮೇಲೆ ಕೂತು ಈಗ ಅವರು ಪ್ರತಿದಿನ ಜೊಂಡನ್ನು ನೋಡುತ್ತಾರೆ, ಜೊಂಡು ಅವರನ್ನು ನೋಡುತ್ತದೆ. ಎರಡು ಸಲ ಅವರು ಅರ್ಜಿ ಕೊಟ್ಟು ಕೊಯ್ಲು ಮಾಡಿಸಿದರು. ಎರಡು ಸಲವೂ ಜೊಂಡು ಹದಿನೈದು ದಿನಕ್ಕೆ ಮೊದಲಿಗಿಂತ ದಟ್ಟವಾಗಿ ಎದ್ದು ಬಂತು, ಕ್ಷೌರ ಮಾಡಿಸಿಕೊಂಡವನ ಗಡ್ಡದ ಹಾಗೆ.

ಆ ದಿನ ನಾನು ಮೂರನೆಯ ಸುತ್ತಿನಲ್ಲಿದ್ದೆ. ಗಾಳಿ ಇರಲಿಲ್ಲ. ಜೊಂಡು ಒಂದು ಕಡೆ ಅಲುಗಿತು. ಅಲುಗಿದ್ದು ನೇರವಾಗಿ ಅಲ್ಲ, ಸ್ವಲ್ಪ ಓರೆಯಾಗಿ, ಒಳಗೆ ಏನೋ ಹಾದುಹೋಗುತ್ತಿರುವಂತೆ. ನೀರಿನ ಮೇಲೆ ಎರಡು ಬೆರಳಗಲದ ಒಂದು ಗೆರೆ ಎದ್ದು, ಎಡಕ್ಕೆ ಹೋಗಿ, ಇಲ್ಲವಾಯಿತು. ನಾಲ್ಕು ಸೆಕೆಂಡು. ನನ್ನ ಕಾಲುಗಳು ನಿಂತುಬಿಟ್ಟವು. ನಾನು ಧೈರ್ಯವಂತನಲ್ಲ, ಅದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹಿಂದಿನಿಂದ ಬಂದ ಸಾವಂತ ಕಾಕಾ, “ಕ್ಯಾ ಹುವಾ ರಾವ್ ಸಾಹೇಬ್?” ಎಂದರು. ಏನೋ ಅಲುಗಿತು ಎಂದೆ. “ಸಾಂಪ್?” ಎಂದರು. ಹೇಳಲಾರೆ ಎಂದೆ. ಅಷ್ಟೇ ನಾನು ಹೇಳಿದ್ದು. ನಾಲ್ಕನೆಯ ಸುತ್ತು ಮುಗಿಸಿ ಬರುವಷ್ಟರಲ್ಲಿ, ಯೋಗದ ಗುಂಪಿನವರು ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು, ಮತ್ತು ನಾನು ಏಳಡಿ ಉದ್ದದ ನಾಗರಹಾವನ್ನು ನೋಡಿದವನಾಗಿದ್ದೆ.

ಇದನ್ನು ಸರಿಪಡಿಸುವುದು ನನ್ನ ಕರ್ತವ್ಯ ಎನಿಸಿತು. ಕಾವಲುಗಾರನ ಗೂಡಿನಲ್ಲಿ ಒಂದು ದೂರಿನ ಪುಸ್ತಕ ಇಟ್ಟಿರುತ್ತಾರೆ. ಅದರಲ್ಲಿ ನನಗೆ ಬರುವ ಮರಾಠಿಯಲ್ಲಿ, ನಿಧಾನವಾಗಿ, ಹೀಗೆ ಬರೆದೆ: ‘ಬೆಳಿಗ್ಗೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ, ಕಾರಂಜಿಯಿಂದ ಸುಮಾರು ಹತ್ತು ಅಡಿ ದೂರದಲ್ಲಿ ಜೊಂಡು ನಾಲ್ಕು ಸೆಕೆಂಡು ಅಲುಗಿತು. ಗಾಳಿ ಇರಲಿಲ್ಲ. ಅಲುಗಿಸಿದ್ದು ಹಾವು ಇರಬಹುದು, ಕಪ್ಪೆ ಇರಬಹುದು, ಹೆಗ್ಗಣ ಇರಬಹುದು, ನೀರುಕೋಳಿ ಇರಬಹುದು, ತೇಲುವ ಚಪ್ಪಲಿಯೂ ಇರಬಹುದು.’ ಸಹಿ ಹಾಕಿ, ಓದಿ ನೋಡಿ, ಸಮಾಧಾನದಿಂದ ಮನೆಗೆ ಬಂದೆ. ಇಂಥ ಪ್ರಾಮಾಣಿಕ ಬರಹ ಆ ಪುಸ್ತಕದಲ್ಲಿ ಹಿಂದೆ ಇರಲಿಲ್ಲ ಎಂದೇ ನನ್ನ ಭಾವನೆ.

ಮರುದಿನ ಬೆಳಿಗ್ಗೆ, ಸಾವಂತ ಕಾಕಾರ ಮೂರನೆಯ ಅರ್ಜಿಯ ಮೇರೆಗೆ, ಕೊಯ್ಲಿನ ಕೆಲಸದವರು ಬಂದರು. ಐದು ಜನ ಹೆಂಗಸರು, ಅವರ ಮೇಲೆ ಒಬ್ಬ ಮುಕಾದಮ. ಗುತ್ತಿಗೆದಾರನನ್ನು ಯಾರೂ ನೋಡಿದವರಿಲ್ಲ, ಅವನ ಪರವಾಗಿ ಬೈಯುವುದಕ್ಕೆ ಈ ಮುಕಾದಮ. ನಾನು ಎಂದಿನಂತೆ ಹೆಜ್ಜೆ ಎಣಿಸುತ್ತ ಹೋಗುತ್ತಿದ್ದೆ. ಎಣಿಕೆ ಬಾಯಿಂದ ಹೊರಗೆ ಬೀಳುತ್ತಿತ್ತೆಂದು ಕಾಣುತ್ತದೆ.

“ಮುನ್ನೂರಾ ಹದಿನಾಕು ಆದ್ಮ್ಯಾಲ ಮುನ್ನೂರಾ ಹದಿನಾರಲ್ರೀ, ಹದಿನೈದು” ಎಂದು ಯಾರೋ ಹೇಳಿದರು. ಕುಡುಗೋಲು ಹಿಡಿದು ದಡದಲ್ಲಿ ಕೂತಿದ್ದ ಹೆಂಗಸು. ಸುಮಾರು ನಲವತ್ತು ವರ್ಷ, ಸೀರೆಯನ್ನು ಕಚ್ಚೆ ಹಾಕಿ ಮೊಣಕಾಲಿನ ತನಕ ಎತ್ತಿ ಕಟ್ಟಿದ್ದಳು. ಎಡಪಾದಕ್ಕೆ ಬಟ್ಟೆ ಸುತ್ತಿತ್ತು.

“ಕನ್ನಡದವರಾ?” ಎಂದೆ. ನನ್ನ ತಪ್ಪು ಎಣಿಕೆಯ ಬಗ್ಗೆ ಆಮೇಲೆ ಬಹಳ ಹೊತ್ತು ಯೋಚಿಸಿದೆ, ಅದು ಬೇರೆ ಮಾತು.

“ಕಲಬುರ್ಗಿ ಕಡೇರ್ರೀ. ಮಹಾದೇವಿ ಅಂತಾರ. ಘಣಸೋಲಿದಾಗ ಇರ್ತೀವಿ, ದಿನಾ ಗಾಡಿ ಹಿಡ್ದು ಬರ್ತೀವಿ. ಮತ್ತ ರಾಯ್ರ, ಹಾವ ನೋಡ್ದೋರು ನೀವೇ ಏನ್ರೀ?”

ಹಾವು ಎಂದು ಹೇಳಲಾರೆ ಎಂದು ಆರಂಭಿಸಿ, ಓರೆ, ಎರಡು ಬೆರಳು, ನಾಲ್ಕು ಸೆಕೆಂಡು ಎಲ್ಲವನ್ನೂ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿದಳು. ನನ್ನ ಮಾತನ್ನು ಇಷ್ಟು ಪೂರ್ತಿ ಕೇಳಿದವರು ಇತ್ತೀಚೆಗೆ ಯಾರೂ ಇಲ್ಲ.

“ಅದೆಲ್ಲ ಬಿಡ್ರಿ. ಹಾವೋ ಅಲ್ಲೋ? ಒಂದೇ ಮಾತು ಹೇಳ್ರಿ. ನೀರಾಗ ಇಳಿಯೋಳು ನಾ ಇದ್ದೀನಿ.”

“ಒಂದೇ ಮಾತಿನಲ್ಲಿ ಹೇಳುವುದು ಕಷ್ಟ” ಎಂದೆ. ಅವಳು ನನ್ನನ್ನು ನೋಡಿದ ರೀತಿ ನನಗೆ ಪರಿಚಿತವಾಗಿತ್ತು. ಮನೆಯಲ್ಲಿ ಸಾರು ಬಡಿಸುವಾಗ ನೋಡಿದ್ದೇನೆ.

ನೀರಿಗೆ ಏಕೆ ಇಳಿಯಬೇಕು, ದಡದಿಂದಲೇ ಕೊಯ್ಯಬಹುದಲ್ಲ ಎಂದು ಕೇಳಿದೆ. ಆಗ ಅವಳು ಜೊಂಡಿನ ವಿದ್ಯೆಯನ್ನು ನನಗೆ ಹೇಳಿಕೊಟ್ಟಳು. ಹಿಂದೆ ಎರಡು ಸಲ ಕೊಯ್ದವರು ದಡದಲ್ಲಿ ನಿಂತು ಕೈಗೆ ಸಿಕ್ಕಷ್ಟನ್ನು ನೀರಿನ ಮೇಲೆ ಕೊಯ್ದು ಹೋಗಿದ್ದಾರೆ. ಹಾಗೆ ಕೊಯ್ದರೆ ಅದಕ್ಕೆ ಹುರುಪು ಬರುತ್ತದೆ. ಜೊಂಡಿನ ದಂಟು ಒಳಗೆ ಪೊಳ್ಳು, ಅದರ ಮೂಲಕವೇ ಬೇರು ಉಸಿರಾಡುವುದು. ನೀರಿಗಿಳಿದು, ಕೈ ಮುಳುಗಿಸಿ, ನೀರಿನಿಂದ ಒಂದು ಗೇಣು ಕೆಳಗೆ ಕೊಯ್ದರೆ ಪೊಳ್ಳಿನೊಳಗೆ ನೀರು ತುಂಬಿ ಬೇರು ಕೊಳೆಯುತ್ತದೆ. “ಉಸ್ರು ಕಟ್ಬೇಕ್ರೀ ಅದರದ್ದು. ಕಣ್ಣಿಲೆ ಕಾಣಂಗಿಲ್ಲ, ಕಾಲಿಲೆ ಹುಡುಕಿ ಕೈಲೆ ಕೊಯ್ಬೇಕು.” ಕಾಲಿನಿಂದ ಹುಡುಕಬೇಕು ಎನ್ನುವಾಗ ಅವಳು ತನ್ನ ಎಡಪಾದವನ್ನು ನೋಡಿಕೊಂಡಳು. ಹಾವು ಕಚ್ಚಿದ್ದೇ ಎಂದು ಗಾಬರಿಯಿಂದ ಕೇಳಿದೆ. ಅಲ್ಲ, ಗಾಜು. ಈ ಕೊಳದ ಅಡಿಯಲ್ಲಿ ಹಾವಿದೆಯೋ ಇಲ್ಲವೋ, ಗಾಜು ಮಾತ್ರ ಧಾರಾಳವಾಗಿದೆ. ಜನ ದೇವರ ಹಳೆಯ ಫೋಟೋಗಳನ್ನು ಕಟ್ಟು, ಗಾಜು ಸಮೇತ ತಂದು ಬಿಡುತ್ತಾರಂತೆ. ದೇವರನ್ನು ಕಸದ ಬುಟ್ಟಿಗೆ ಹಾಕಲಾಗದು, ನೀರಿಗೆ ಬಿಡಬಹುದು. ನಿನ್ನೆ ಸಂಜೆ ಮುಕಾದಮನ ಜೊತೆ ಅಂದಾಜು ನೋಡಲು ಬಂದು ನೀರಿನಲ್ಲಿ ಎರಡು ಹೆಜ್ಜೆ ಇಟ್ಟವಳಿಗೆ ಕಾಲು ಸೀಳಿತ್ತು.

“ಬೂಟು ಕೊಡಬೇಕಲ್ಲವಾ ನಿಮಗೆ?” ಎಂದೆ.

“ಕೇಳಿ ಕೇಳಿ ಬಾಯಿ ಬತ್ತ್ಯಾವ್ರಿ. ಗಾಜಿಗಿ ಬೂಟು ಕೊಡಂಗಿಲ್ಲಂತ, ನೋಡಿ ಕಾಲಿಡ್ರಿ ಅಂತಾನ. ನೀರಾಗ ಏನ್ ನೋಡೂದು? ಹಾವಿಗಿ ಕೊಡ್ತಾರ ನೋಡ್ರಿ. ಘಣಸೋಲಿದಾಗ ಒಬ್ರು ಸಾಹೇಬ್ರು ಪುಸ್ತಕದಾಗ ಹಾವದ ಅಂತ ಬರದ್ರು, ಮರದಿನಾನೇ ಬೂಟು ಬಂದ್ವು. ಹಾವ್ ಕಡದ್ರ ಪೊಲೀಸ್ ಕೇಸ್ ಆಗ್ತದಲ್ರೀ, ಗುತ್ತೇದಾರಗ ಅಂಜಿಕಿ.”

ಈ ಹೊತ್ತಿಗೆ ಮುಕಾದಮ ಹತ್ತಿರ ಬಂದಿದ್ದ. ಅವನ ಕೈಯಲ್ಲಿ ದೂರಿನ ಪುಸ್ತಕ, ಅದರಲ್ಲಿ ನನ್ನ ಪುಟ. ಅವನು ಅದನ್ನು ಗಟ್ಟಿಯಾಗಿ, ಕೊನೆಯ ಪದದವರೆಗೆ ಓದಿದ. “ಸಾಹೇಬ್, ಚಪ್ಪಲ್ ಕೆ ಲಿಯೇ ಗಂಬೂಟ್ ದೂಂ ಕ್ಯಾ?” ಎಂದ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಚಪ್ಪಲಿಗೆ ಹೆದರಿ ಬೂಟು ಹಾಕಿಕೊಳ್ಳುವ ಮಾತು ಸಾವಂತ ಕಾಕಾಗೆ ಬಹಳ ಹಿಡಿಸಿತು. ಮಹಾದೇವಿ ನಗಲಿಲ್ಲ. ಹಾವು ಎಂದು ಬರೆದಿಲ್ಲ, ಆದ್ದರಿಂದ ಬೂಟು ಇಲ್ಲ, ನಾಳೆ ಬೆಳಿಗ್ಗೆ ಎಲ್ಲರೂ ನೀರಿಗಿಳಿಯಬೇಕು, ಇಳಿಯದವರು ಮನೆಯಲ್ಲಿರಬಹುದು ಎಂದು ಮುಕಾದಮ ತೀರ್ಪು ಕೊಟ್ಟು ಹೋದ. ನಾನು ಗೂಡಿಗೆ ಹೋಗಿ, ‘ಕೊಳದ ಅಡಿಯಲ್ಲಿ ಗಾಜು ಇರುವುದು ಖಚಿತ, ಗಾಯವನ್ನು ಕಣ್ಣಾರೆ ನೋಡಿದ್ದೇನೆ’ ಎಂದು ಇನ್ನೊಂದು ಬರಹ ಸೇರಿಸಿದೆ. ಕಾವಲುಗಾರ ಅದರ ಮೇಲೆ ಚಹಾದ ಲೋಟ ಇಟ್ಟ.

ವಿಜಯಳಿಗೆ ಎಲ್ಲವನ್ನೂ ಹೇಳಿದೆ. ಅವಳು ಕೊತ್ತಂಬರಿ ಬಿಡಿಸುತ್ತಿದ್ದಳು. “ಹಾವು ಅಂತ ಬರೆದುಬಿಡಿ, ಅದಕ್ಕೇನಂತೆ” ಎಂದಳು. ನೋಡದೆ ಹೇಗೆ ಬರೆಯುವುದು ಎಂದೆ. “ಅಲ್ಲ ಅಂತ ನೋಡಿದೀರಾ?” ಇಲ್ಲ ಎಂದೆ. “ಮತ್ತೆ?” ಈ ‘ಮತ್ತೆ’ಯನ್ನು ಊಟದ ಡಬ್ಬಿಯ ಜೊತೆ ಹಿಡಿದುಕೊಂಡು ಕೆಲಸಕ್ಕೆ ಹೋದೆ. ದಿನವಿಡೀ ಕಾರ್ಖಾನೆಯಲ್ಲಿ ನನಗೆ ಅದೇ ಯೋಚನೆ. ಖಚಿತವಾಗಿರುವ ಗಾಜನ್ನು ಬರೆದರೆ ಯಾರಿಗೂ ಬೇಡ. ಖಚಿತವಿಲ್ಲದ ಹಾವನ್ನು ಬರೆದರೆ ಐದು ಜೊತೆ ಬೂಟು. ಅಳತೆಯ ಯಾವ ಸಾಧನದಿಂದ ಇದನ್ನು ಅಳೆಯಬೇಕೆಂದು ತಿಳಿಯದೆ, ಆ ದಿನ ಸಂಪೂರ್ಣ ಸರಿಯಿದ್ದ ಆರು ಶಾಫ್ಟುಗಳಿಗೆ ಹಳದಿ ಚೀಟಿ ಕಟ್ಟಿದೆ.

ಮರುದಿನ ನಾನು ಬೇಗ ಹೋದೆ. ಹೆಂಗಸರು ಇನ್ನೂ ನೀರಿಗೆ ಇಳಿದಿರಲಿಲ್ಲ. ಉದ್ದನೆಯ ಕೊಕ್ಕೆಕೋಲಿನಿಂದ ದಡದ ಹತ್ತಿರದ ಫೋಟೋಗಳನ್ನು ಎಳೆದು ತೆಗೆದು ಗುಲ್‌ಮೊಹರ್ ಮರದ ಬುಡಕ್ಕೆ ಸಾಲಾಗಿ ಒರಗಿಸಿದ್ದರು. ಹನ್ನೊಂದು ಕಟ್ಟುಗಳು. ಹೆಚ್ಚಿನವುಗಳಲ್ಲಿ ಚಿತ್ರ ಅಳಿಸಿ, ದೇವರು ಇದ್ದ ಕಡೆ ಕಂದು ಬಣ್ಣದ ಮೋಡ ಉಳಿದಿತ್ತು. ಮಹಾದೇವಿ ಒಂದನ್ನು ತಿರುಗಿಸಿ ನನ್ನ ಕಡೆ ಚಾಚಿದಳು.

“ಇದರ ಬೆನ್ನಿಗಿ ನಮ್ ಭಾಷಾದಾಗ ಬರದದ ರಾಯ್ರ. ನಂಗ ಅಕ್ಷರ ಓದ್ಲಕ್ ಬರಂಗಿಲ್ಲ, ಖರೇ ಕನ್ನಡ ಅಂತ ಗುರ್ತ ಹತ್ತತದ. ಏನದ ಓದ್ರಿ.”

ಹಿಂಬದಿಯ ಹಲಗೆಯ ಮೇಲೆ, ಬೇಗ ಅಳಿಸದ ದಪ್ಪ ಪೆನ್ನಿನಲ್ಲಿ, ಅಚ್ಚುಕಟ್ಟಾದ ಕೈಬರಹ. ‘ಎತ್ತರ ಹದಿಮೂರೂವರೆ ಇಂಚು, ಅಗಲ ಒಂಬತ್ತು ಮುಕ್ಕಾಲು. ಹಳೆಯ ಮೊಳೆಯಿಂದ ಎರಡು ಇಂಚು ಎಡಕ್ಕೆ ತೂಗುಹಾಕುವುದು. ನೀರು ತಗುಲಿಸಬಾರದು.’

ಆ ಕೈಬರಹವನ್ನು ನಾನು ಎಲ್ಲಿ ಕಂಡರೂ ಗುರುತಿಸುತ್ತೇನೆ. ಇಪ್ಪತ್ತೆಂಟು ವರ್ಷಗಳಿಂದ ಅದು ಚೀಟಿಗಳ ಮೇಲೆ ನನ್ನ ಕಣ್ಣೆದುರಿಗೇ ಇದೆ. ನಮ್ಮ ಮನೆಯ ತಿರುಪತಿ ವೆಂಕಟರಮಣನ ಫೋಟೋ. ಹೋದ ವರ್ಷ ಸುಣ್ಣ ಬಳಿಸುವಾಗ ಕೆಳಗೆ ಬಿದ್ದು ಗಾಜು ಅಡ್ಡಡ್ಡ ಬಿರುಕು ಬಿಟ್ಟಿತು. ಬಿರುಕಿನ ದೇವರನ್ನು ಮನೆಯಲ್ಲಿಡಬಾರದು ಎಂದಳು ವಿಜಯ. ಬಿಸಾಡಬಾರದು ಎಂದೆ ನಾನು. ಒಂದು ಭಾನುವಾರ ಹೂವು, ಅರಿಶಿನ, ಕುಂಕುಮ ಇಟ್ಟು, ಹೊಸ ಪ್ಲಾಸ್ಟಿಕ್ ಚೀಲದಲ್ಲಿ ತಂದು, ಕೈಮುಗಿದು, ಜೊಂಡಿನ ಬುಡಕ್ಕೆ ಮೆಲ್ಲನೆ ಜಾರಿಸಿದ್ದೆ. ಚೀಲವನ್ನು ಮಾತ್ರ ಕಸದ ಡಬ್ಬಿಗೆ ಹಾಕಿದೆ, ಕೊಳ ಹಾಳಾಗಬಾರದೆಂದು. ಅದನ್ನು ನಾನು ಮರೆತಿದ್ದೆನೇ? ಮರೆತಿರಲಿಲ್ಲ. ಗಾಜಿನ ಬಗ್ಗೆ ಪುಸ್ತಕದಲ್ಲಿ ಬರೆಯುವಾಗ ನೆನಪಾಗಲಿಲ್ಲವೇ? ನೆನಪಾಗಲಿಲ್ಲ. ಮರೆಯದೇ ಇರುವುದೂ ನೆನಪಾಗದೇ ಇರುವುದೂ ಒಟ್ಟಿಗೆ ಹೇಗೆ ಸಾಧ್ಯ ಎಂದು ಕೇಳಿದರೆ, ಹೇಳಲಾರೆ.

ಗಾಜು ಕಟ್ಟಿನಲ್ಲಿ ಅರ್ಧ ಮಾತ್ರ ಉಳಿದಿತ್ತು. ಇನ್ನರ್ಧ ಎಲ್ಲಿದೆ ಎಂದು ನಾನು ಕೇಳಲಿಲ್ಲ. ಮಹಾದೇವಿಯ ಎಡಪಾದದ ಕಡೆ ನೋಡುವುದನ್ನೂ ತಪ್ಪಿಸಿದೆ.

“ಏನದ ರಾಯ್ರ?” ಎಂದು ಅವಳು ಮತ್ತೆ ಕೇಳಿದಳು.

“ಅಳತೆ” ಎಂದೆ. “ಫೋಟೋದ ಅಳತೆ ಬರೆದಿದ್ದಾರೆ ಯಾರೋ.”

“ಯಾರೋ” ಎಂದು ಅವಳೂ ಅಂದಳು. ಅದರಲ್ಲಿ ಪ್ರಶ್ನೆ ಇತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ. ಆ ಕಟ್ಟನ್ನು ಮಾತ್ರ ಅವಳು ಮುಖ ಕಾಣುವಂತೆ ತಿರುಗಿಸಿ, ಬೆನ್ನು ಮರಕ್ಕೆ ಮಾಡಿ ಇಟ್ಟಳು. “ನೋಡ್ರಿ, ಮುಕಾದಮ ಬಂದ. ಇಳೀತೀನಿ ನಾ. ಹಾವಿನ ಮಾತು ನಿಮಗ ಬ್ಯಾಡ ಬಿಡ್ರಿ, ಪಾಪ, ತ್ರಾಸ ಆಗ್ತದ.”

ಅವಳು ಪಾದಕ್ಕೆ ಸುತ್ತಿದ್ದ ಬಟ್ಟೆಯನ್ನು ಬಿಗಿಯಾಗಿ ಕಟ್ಟಲು ಬಗ್ಗಿದಳು. ನಾನು ಗೂಡಿನ ಕಡೆ ನಡೆದೆ. ನಡೆದೆ ಎನ್ನುವುದು ಸರಿಯಲ್ಲ. ಓಡಿದೆ. ಐವತ್ತಾರನೆಯ ವಯಸ್ಸಿನಲ್ಲಿ, ಸಾವಂತ ಕಾಕಾ ನೋಡುತ್ತಿದ್ದಂತೆ ಓಡಿದೆ. ಹೆಜ್ಜೆ ಎಣಿಸಲಿಲ್ಲ.

ಪುಸ್ತಕ ತೆರೆದು ಪೆನ್ನು ಹಿಡಿದೆ. ಹೊಸದಾಗಿ ‘ಹಾವು ನೋಡಿದೆ’ ಎಂದು ಬರೆಯಲು ಕೈ ಒಪ್ಪಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ಒಂದು ಕ್ರಮವಿದೆ: ಬರೆದದ್ದನ್ನು ಗೀಚಿ ಅಳಿಸಬಾರದು, ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಣ್ಣ ಸಹಿ ಹಾಕಬೇಕು. ಮೊದಲು ಚಪ್ಪಲಿಯನ್ನು ಹೊಡೆದೆ, ಸಹಿ ಹಾಕಿದೆ. ಚಪ್ಪಲಿ ಹೋದದ್ದಕ್ಕೆ ನನಗೇನೂ ಅನಿಸಲಿಲ್ಲ. ನೀರುಕೋಳಿ ಹೊಡೆದೆ, ಸಹಿ. ಹೆಗ್ಗಣ, ಸಹಿ. ಕಪ್ಪೆಯ ಹತ್ತಿರ ಬಹಳ ಹೊತ್ತು ನಿಂತೆ, ಏಕೆಂದರೆ ಒಳಗೊಳಗೆ ನನಗೆ ಕಪ್ಪೆಯ ಮೇಲೇ ನಂಬಿಕೆ ಇತ್ತು. ಅದನ್ನೂ ಹೊಡೆದೆ. ಕೊನೆಗೆ ‘ಹಾವು ಇರಬಹುದು’ ಉಳಿಯಿತು. ‘ಇರಬಹುದು’ ಎನ್ನುವ ಪದದ ಮೇಲೂ ಗೆರೆ ಎಳೆದು ಐದನೆಯ ಸಹಿ ಹಾಕಿದೆ. ಹೊಸದಾಗಿ ಒಂದು ಅಕ್ಷರವನ್ನೂ ನಾನು ಬರೆಯಲಿಲ್ಲ. ಇದ್ದ ಸತ್ಯಗಳನ್ನು ಒಂದೊಂದಾಗಿ ತೆಗೆದೆ, ಅಷ್ಟೇ. ಉಳಿದದ್ದು: ‘ಅಲುಗಿಸಿದ್ದು ಹಾವು.’

ಮುಕಾದಮ ಅದನ್ನು ಓದಿದ. ಐದು ಸಣ್ಣ ಸಹಿಗಳನ್ನೂ ನೋಡಿದ. “ಕಲ್ ತಕ್ ತೋ ಚಪ್ಪಲ್ ಥಾ” ಎಂದ. “ವಿಚಾರ ಮಾಡಿದೆ” ಎಂದು ಅವನಿಗೆ ಗೊತ್ತಿಲ್ಲದ ಕನ್ನಡದಲ್ಲಿ ಉತ್ತರಿಸಿದೆ. ಅವನು ದೂರ ಹೋಗಿ ಗುತ್ತಿಗೆದಾರನಿಗೆ ಫೋನು ಮಾಡಿ, ಬಹಳ ಹೊತ್ತು ‘ಹೋ ಶೇಟ್, ಹೋ ಶೇಟ್’ ಎಂದು ತಲೆಯಾಡಿಸಿದ. ಆ ದಿನ ಯಾರೂ ನೀರಿಗೆ ಇಳಿಯಲಿಲ್ಲ. ಮಾರನೆಯ ದಿನ ಬೂಟು ಬಂದವು. ತೊಡೆಯವರೆಗೆ ಬರುವ, ಕಪ್ಪು ರಬ್ಬರಿನ, ಗಂಡಸರ ಅಳತೆಯ ಬೂಟುಗಳು. ಹೆಂಗಸರು ಒಳಗೆ ಹಳೆಯ ಸೀರೆಯ ಚೂರುಗಳನ್ನು ತುರುಕಿ ಹಾಕಿಕೊಂಡು, ಒಬ್ಬರನ್ನೊಬ್ಬರು ನೋಡಿ ನಕ್ಕು ನಕ್ಕು ಸುಸ್ತಾದರು. ಮಹಾದೇವಿ ದಡದ ಮೇಲೆ ಪೊಲೀಸರಂತೆ ನಾಲ್ಕು ಹೆಜ್ಜೆ ನಡೆದು ತೋರಿಸಿದಳು. “ರಾಯ್ರ, ಇದರಾಗ ಹಾವೂ ಹಿಡಸ್ತದ ನೋಡ್ರಿ, ನನ್ ಕಾಲೂ ಹಿಡಸ್ತದ!”

ನಾಲ್ಕು ದಿನ ಕೊಯ್ದರು. ನೀರಿನಿಂದ ಗೇಣು ಕೆಳಗೆ, ಅವಳು ಹೇಳಿದಂತೆಯೇ. ನಾಲ್ಕನೆಯ ದಿನ ಕೊಳ ಬೋಳಾಯಿತು, ಕಾರಂಜಿ ಹೊರಗೆ ಬಂತು. ಅದು ಚಿಕ್ಕದಾಗಿತ್ತು. ಇದಕ್ಕಾಗಿ ಬೆಂಚು ಹಾಕಿಸಿದ್ದೇಕೆ ಎನ್ನುವಂತೆ ಎಲ್ಲರೂ ಸಾವಂತ ಕಾಕಾರನ್ನು ನೋಡಿದರು. ಬಹುಶಃ ಅದರಿಂದಲೇ ಅವರು ನನ್ನ ಕಡೆ ತಿರುಗಿ, ಯೋಗದ ಗುಂಪು, ಮುಕಾದಮ, ಕಾವಲುಗಾರ ಎಲ್ಲರೂ ಕೇಳುವಂತೆ, ಹಿಂದಿಯಲ್ಲಿ, “ರಾವ್ ಸಾಹೇಬ್, ಜೊಂಡು ಹೋಯಿತು, ಇಡೀ ಕೊಳ ಕಾಣುತ್ತಿದೆ. ನಿಮ್ಮ ಹಾವು ಎಲ್ಲಿ?” ಎಂದರು.

ಮುಕಾದಮ ಬೂಟುಗಳ ಕಡೆ ನೋಡಿದ. ಪಕ್ಕದ ಬಡಾವಣೆಯ ಕೊಳಕ್ಕೆ ಇದೇ ಐವರು ಮರುದಿನ ಹೋಗಬೇಕಿತ್ತು. ಹಾವು ಸುಳ್ಳಾದರೆ ಬೂಟುಗಳು ಹಿಂದಕ್ಕೆ ಹೋಗುವುದು ಅವನ ಮುಖದ ಮೇಲೆ ಆಗಲೇ ಬರೆದಿತ್ತು. ನಾನು ಬಾಯಿ ತೆರೆದೆ. ‘ಹೇಳಲಾರೆ’ ಎನ್ನುವ ಪದ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಕೂತಿತ್ತು.

“ಹಾವು? ಹೋತಲ್ರೀ ಅದು!” ಎಂದಳು ಮಹಾದೇವಿ. ಆಮೇಲೆ ಎಲ್ಲರಿಗೂ ತಿಳಿಯಲೆಂದು ತನ್ನ ಹಿಂದಿಯಲ್ಲಿ ಶುರುಮಾಡಿದಳು. ಮೊನ್ನೆ ಬೆಳಿಗ್ಗೆ, ತಾನು ಕುಡುಗೋಲು ಹಾಕುತ್ತಿದ್ದಂತೆ ಬುಸ್ ಎಂದಿತು. ಕರ್ರಗೆ, ತೋಳಿನಷ್ಟು ದಪ್ಪ, ಹೆಡೆಯ ಮೇಲೆ ಮಚ್ಚೆ. ತನ್ನ ಬೂಟಿಗೆ ಒಮ್ಮೆ ಬಡಿಯಿತು, ಹಲ್ಲು ಹಿಡಿಯಲಿಲ್ಲ. ದಡಕ್ಕೆ ಹಾರಿ, ಬೆಂಚಿನ ಕೆಳಗೆ ನುಸುಳಿ, ಗೋಡೆ ಹತ್ತಿ ಆಚೆ ಇಳಿದುಹೋಯಿತು. ಉಳಿದ ನಾಲ್ವರೂ ಹೌದು ಹೌದು ಎಂದರು. ಒಬ್ಬಳು ಎದೆಯ ಮೇಲೆ ಕೈ ಇಟ್ಟುಕೊಂಡು ಆಗಿನ ಭಯವನ್ನು ಪುನಃ ಪಟ್ಟಳು. ಸಾವಂತ ಕಾಕಾ ಬೆಂಚಿನಿಂದ ಎದ್ದು ನಿಂತರು. ಮುಕಾದಮ ಬೂಟುಗಳಿಂದ ಕಣ್ಣು ತೆಗೆದ.

ನಾನು ದಿಗ್ಭ್ರಮೆಯಿಂದ ಕೇಳುತ್ತಿದ್ದೆ. ಒಂದು ‘ಇರಬಹುದು’ ಇಲ್ಲ, ಒಂದು ‘ಸುಮಾರು’ ಇಲ್ಲ. ಯಾರೂ ಅವಳನ್ನು ಎಷ್ಟು ಸೆಕೆಂಡು ಎಂದು ಕೇಳಲಿಲ್ಲ. ಕೇಳುತ್ತ ಕೇಳುತ್ತ ನನ್ನ ಆ ನಾಲ್ಕು ಸೆಕೆಂಡುಗಳಿಗೆ ಏನೋ ಆಗತೊಡಗಿತು. ನೀರಿನ ಮೇಲೆ ಎದ್ದ ಗೆರೆ ಕರ್ರಗಾಯಿತು. ಎರಡು ಬೆರಳು ತೋಳಾಯಿತು. ಅದು ಗೋಡೆ ಹತ್ತುವುದು, ಬಿಸಿಲಿಗೆ ಅದರ ಮೈ ಹೊಳೆಯುವುದು ನನಗೆ ಚೆನ್ನಾಗಿ, ಬಹಳ ಚೆನ್ನಾಗಿ ಕಂಡಿತು.

“ಎಲ್ಲಿ ಹತ್ತಿತು?” ಎಂದು ಸಾವಂತ ಕಾಕಾ ಕೇಳಿದರು. ಮಹಾದೇವಿ ಗೋಡೆಯ ಹತ್ತಿರ ಹೋಗಿ ಒಂದು ಕಡೆ ಕೈಯಿಟ್ಟು ತೋರಿಸಿದಳು.

“ಅಲ್ಲಲ್ಲ” ಎಂದು ಯಾರೋ ಹೇಳಿದರು. ಅದು ನಾನು. “ಅಲ್ಲಿ ಅಲ್ಲ, ಮಹಾದೇವಿ. ಇನ್ನೂ ಒಂದೂವರೆ ಅಡಿ ಎಡಕ್ಕೆ.”

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿ, “ಹೌದ್ರಿ, ಖರೇ” ಎಂದು ಕೈಯನ್ನು ಎಡಕ್ಕೆ ಸರಿಸಿದಳು. ಸಾವಂತ ಕಾಕಾ ಒಂದು ಇಟ್ಟಿಗೆಯ ಚೂರು ತೆಗೆದುಕೊಂಡು ಅಲ್ಲಿ ಗುರುತು ಹಾಕಿದರು. ಎಲ್ಲರೂ ಹೋದ ಮೇಲೆ ನಾನು ಜೇಬಿನಿಂದ ಟೇಪು ತೆಗೆದು, ಅವಳು ಮೊದಲು ಕೈಯಿಟ್ಟಿದ್ದ ಜಾಗದಿಂದ ಆ ಗುರುತಿನವರೆಗೆ ಅಳೆದೆ. ಸರಿಯಾಗಿ ಒಂದೂವರೆ ಅಡಿ ಇತ್ತು.